ಮರಗಳಿಗೆ ಬೈಯುತ್ತಿದ್ದ ಮುನಿನಾರಾಯಣಪ್ಪ

ದೊಮ್ಮಲೂರಿನ ಮುನಿನಾರಾಯಣಪ್ಪನವರು ಒಮ್ಮೆ ಗಂಟಲು ಸರಿ ಮಾಡಿಕೊಂಡರೆ ಸಾಕು, ಹಲಸೂರು ಕೆರೆಯಿಂದ ಹಿಡಿದು ಕೆ.ಆರ್. ಪುರದ ತೂಗುಸೇತುವೆಯವರೆಗೆ ಇದ್ದಬದ್ದ ಮಾವು, ಹಲಸು, ಸೀಬೆ, ಸಪೋಟಗಳೆಲ್ಲ ಕೊಂಬೆ ಕಟ್ಟಿಕೊಂಡು ತಲೆ ತಗ್ಗಿಸಿ ನಿಲ್ಲುತ್ತಿದ್ದವೆಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಅಂದರೆ ಮುಖ್ಯವಾಗಿ ಅವರ ಗೆಳೆಯ ಅಕ್ತರ್. ಇಂದಿರಾನಗರದ ಒಂದು ನಿಂಬೆಗಿಡ ಇವರ ಸ್ಕೂಟರಿನ ಸದ್ದು ಕೇಳಿಯೇ, ಇವರು ಗೇಟು ತೆಗೆಯುವಷ್ಟರಲ್ಲಿ ಮೊಗ್ಗು ಬಿಟ್ಟಿತಂತೆ. ವಿಮಾನಪುರದ ಹಲಸಿನ ಮರವೊಂದು ಇವರ ಬೈಗುಳ ತಾಳಲಾರದೆ, ಕೊಂಬೆಗಳಲ್ಲಿ ಜಾಗ ಸಾಲದೆ ಬುಡದ ಮಣ್ಣಿನೊಳಗೂ ಕಾಯಿ ಬಿಟ್ಟಿತಂತೆ. ಹೊಸ ತಿಪ್ಪಸಂದ್ರದಲ್ಲಿ ಇವರು ಸೀಬೆಗಿಡಕ್ಕೆ ಬೈದದ್ದನ್ನು ಗೋಡೆಯಾಚೆಯ ಕ್ರೋಟನ್ ಗಿಡ ತನಗೇ ಅಂದುಕೊಂಡು, ಏನು ಬಿಡಬೇಕೆಂದು ತಿಳಿಯದೆ ಗಾಬರಿಯಲ್ಲಿ ಎಲೆಯನ್ನೆಲ್ಲ ಬಿಟ್ಟುಬಿಟ್ಟಿತಂತೆ.

ಇಷ್ಟೆಲ್ಲ ಪುರಾಣ ಹುಟ್ಟಿದ್ದು ಒಂದು ಸಣ್ಣ ಖಯಾಲಿಯಿಂದ. ಕಾಯಿ ಬಿಡದ ಮರ ಕಣ್ಣಿಗೆ ಬಿದ್ದರೆ ಮುನಿನಾರಾಯಣಪ್ಪನವರಿಗೆ ಬೈಯದೆ ಇರಲು ಆಗುತ್ತಿರಲಿಲ್ಲ.

ಬೈಯಲು ಅವರಿಗೆ ಪುರುಸೊತ್ತೂ ಇತ್ತು. ಅವರ ತಾತನ ಕಾಲದ ಸೀಬೆ ತೋಟ ಹೋಗಿ, ಅಪ್ಪನ ಕಾಲದ ತರಕಾರಿ ಮಡಿ ಹೋಗಿ, ಅವರ ಕಾಲಕ್ಕೆ ನಾಲ್ಕು ಅಂತಸ್ತಿನ ಕಟ್ಟಡವೂ ಬಾಡಿಗೆದಾರರೂ ಉಳಿದಿದ್ದರು. ಸಾಮ್ರಾಜ್ಯವೆಲ್ಲ ಸೇರಿ ಮಿಕ್ಕ ಮಣ್ಣು ಗೇಟಿನ ಪಕ್ಕ ಒಂದು ಚಾಪೆ ಹಾಸುವಷ್ಟು. ಆ ಮಣ್ಣಿನಲ್ಲಿ ಒಂದು ಸಪೋಟ ಮರ. ಬೈಗುಳದ ವಿದ್ಯೆ ಅವರಿಗೆ ಕೈವಶವಾದದ್ದು ಆ ಮರದ ಬುಡದಲ್ಲೇ, ಅವರ ತಾಯಿ ದೊಡ್ಡಮುನಿಯಮ್ಮನವರಿಂದ. ಮುನಿನಾರಾಯಣಪ್ಪನವರ ಮದುವೆಯಾಗಿ ಕೆಲವು ವರ್ಷ ಕಳೆದಿದ್ದ ಕಾಲ ಅದು. ದಿನಾ ಬೆಳಿಗ್ಗೆ ಮುದುಕಿ ಕಸಪೊರಕೆ ಹಿಡಿದು ಸಪೋಟದ ಮುಂದೆ ನಿಂತು, ಬೀದಿಯ ಕೊನೆಯ ಮನೆಗೂ ಕೇಳುವ ಹಾಗೆ ಅದರ ಜನ್ಮ ಜಾಲಾಡುತ್ತಿದ್ದಳು. ಮಗ ಹಲ್ಲುಜ್ಜುತ್ತ ಅದನ್ನು ಕೇಳಿ ಆನಂದಿಸುತ್ತಿದ್ದ. ಕೊನೆಗೊಂದು ವರ್ಷ ಸಪೋಟ ಕಾಯಿ ಬಿಟ್ಟಿತು. ಮುದುಕಿ ಬೈಯುವುದನ್ನು ನಿಲ್ಲಿಸಿದಳು. ಅದೇ ವರ್ಷ ಮುನಿನಾರಾಯಣಪ್ಪನವರಿಗೆ ಮಗ ಮುನೀಂದ್ರ ಹುಟ್ಟಿದ್ದ. ಮನೆಯಲ್ಲಿ ಎಲ್ಲರೂ ಮಗುವನ್ನು ನೋಡುತ್ತಿದ್ದಾಗ ತಂದೆ ಮಾತ್ರ ಸಪೋಟವನ್ನು ನೋಡಿ, ಮರಕ್ಕೂ ಮಾನ ಮರ್ಯಾದೆ ಅನ್ನುವುದು ಇದೆ ಎಂಬ ಮಹಾಸತ್ಯವನ್ನು ಕಂಡುಕೊಂಡರು.

ತಾಯಿಯ ವಿದ್ಯೆಗೆ ಅವರು ಹಳೇ ಒಕ್ಕಲು ಮನೆಗಳ ಒಂದು ಶಾಸ್ತ್ರವನ್ನೂ ಸೇರಿಸಿದರು. ಫಲ ಕೊಡದ ಮರದ ಮುಂದೆ ಒಬ್ಬ ಮಚ್ಚು ಹಿಡಿದು, ಈಗಲೇ ಕಡಿದುಬಿಡುತ್ತೇನೆ ಎಂದು ಏರಿ ಹೋಗಬೇಕು. ಇನ್ನೊಬ್ಬ ಅಡ್ಡ ಬಂದು, ಇದೊಂದು ವರ್ಷ ಬಿಟ್ಟುಬಿಡಿ, ಮುಂದಿನ ವರ್ಷ ಖಂಡಿತ ಬಿಡುತ್ತೆ, ಅದಕ್ಕೆ ನಾನು ಜಾಮೀನು ಎನ್ನಬೇಕು. ಮಚ್ಚಿನವನು ಅಷ್ಟು ಸುಲಭಕ್ಕೆ ಒಪ್ಪುವ ಹಾಗಿಲ್ಲ. ಫಲಕ್ಕೆ ಜಾಮೀನು ನಿಲ್ಲುವವರು ತಾವೇ ಫಲ ಕಂಡವರಾಗಿರಬೇಕು. ಆದ್ದರಿಂದ, ನಿನಗೆ ಮಕ್ಕಳೆಷ್ಟು ಅಂತ ಕೇಳಬೇಕು. ಅವನು ಲೆಕ್ಕ ಒಪ್ಪಿಸಿದ ಮೇಲೆ ಮಚ್ಚು ಕೆಳಗಿಳಿಯುತ್ತದೆ, ಮರ ಬದುಕುತ್ತದೆ.

ಜಾಮೀನುದಾರನ ಪಟ್ಟ ಅಕ್ತರನಿಗೆ. ಶಿವಾಜಿನಗರದಲ್ಲಿ ಹಳೇ ಸ್ಕೂಟರುಗಳ ಬಿಡಿಭಾಗ ಮಾರುವ ಅಂಗಡಿ ಇಟ್ಟಿದ್ದ ಅಕ್ತರನಿಗೆ ನಾಲ್ಕು ಮಕ್ಕಳು. ಅದನ್ನು ಹೇಳುವಾಗ ಅವನು ಎದೆ ಉಬ್ಬಿಸಿ, ಮರಕ್ಕೂ ಒಮ್ಮೆ, ನೆರೆದ ಜನಕ್ಕೂ ಒಮ್ಮೆ ಸಲಾಮು ಹಾಕುತ್ತಿದ್ದ. ಮುನಿನಾರಾಯಣಪ್ಪನವರು ಹಿಂದೆ, ಪೇಪರಿನಲ್ಲಿ ಸುತ್ತಿದ ಮಚ್ಚು ಅವರ ತೊಡೆಯ ಮೇಲೆ, ಹೀಗೆ ಅವರ ದಂಡಯಾತ್ರೆ ಅಕ್ತರನ ಸ್ಕೂಟರಿನಲ್ಲಿ ಹೊರಡುತ್ತಿತ್ತು. ಒಮ್ಮೆ ಹಲಸೂರಿನ ಸಿಗ್ನಲ್ಲಿನಲ್ಲಿ ಪೊಲೀಸಿನವನೊಬ್ಬ ಪೇಪರು ಬಿಚ್ಚಿಸಿ ನೋಡಿ, ಇದು ಯಾತಕ್ಕೆ ಎಂದು ಕೇಳಿದ. ಮಾವಿನ ಮರಾನ ಹೆದರಿಸೋಕೆ ಎಂದು ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವನು ಇಬ್ಬರ ಮುಖವನ್ನೂ ಬಹಳ ಹೊತ್ತು ನೋಡಿ, ತನ್ನ ಮನೆಯಲ್ಲೊಂದು ತೆಂಗಿನ ಮರವಿದೆ, ಭಾನುವಾರ ಬಿಡುವಿದೆಯಾ ಎಂದು ವಿಚಾರಿಸಿದ.

ಕೈತೋಟದವರ ವಾಟ್ಸಾಪ್ ಗುಂಪುಗಳಲ್ಲಿ ಇವರ ಹೆಸರು ಹರಿದಾಡಿತು. ತಾರಸಿಯ ಡ್ರಮ್ಮಿನೊಳಗೆ ದಾಳಿಂಬೆ ಬೆಳೆಸುವವರೂ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಪರಂಗಿ ನೆಟ್ಟವರೂ ಇವರನ್ನು ಕರೆಸಿಕೊಂಡು ಬೈಸಿದರು. ಬಾಡಿಗೆ ವಸೂಲಿಯಲ್ಲಿ ಸಿಗದ ಗೌರವ ಬೈಗುಳದಲ್ಲಿ ಸಿಕ್ಕಿತು. ಅವರು ಮಚ್ಚೆತ್ತಿದರೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು, ಗಂಡಸರು ಮೊಬೈಲ್ ಎತ್ತಿ ಹಿಡಿಯುತ್ತಿದ್ದರು. ನಗು ಜಾಸ್ತಿಯಾದಂತೆ ಬೈಗುಳ ಜೋರಾಗುತ್ತಿತ್ತು, ಬೈಗುಳ ಜೋರಾದಂತೆ ನಗು.

ಹೀಗಿರುವಾಗ ಫ್ರೇಜರ್ ಟೌನಿನ ಅಹ್ಮದ್ ಪಾಷಾ ಅವರ ಮನೆಯಿಂದ ಕರೆ ಬಂತು. ಪಾಷಾ ಅವರದು ಶಿವಾಜಿನಗರದಲ್ಲಿ ಸೂಟ್‌ಕೇಸಿನ ವ್ಯಾಪಾರ. ಅವರ ಹೆಂಡತಿ ಶರ್ಫುನ್ನೀಸಾ ಅಕ್ತರನಿಗೆ ದೂರದ ಅಕ್ಕ. ಅಂಗಳದ ಬಾದಾಮಿ ಮಾವು ಮನೆಯ ಸೂರು ದಾಟಿ ಬೆಳೆದಿದ್ದರೂ ಒಂದು ಹೀಚು ಕಂಡಿರಲಿಲ್ಲ. ಸ್ಕೂಟರ್ ನಿಲ್ಲಿಸುವಾಗ ಅಕ್ತರ್, ಇವತ್ತು ಸ್ವಲ್ಪ ಮೆತ್ತಗೆ ಬೈಯಿ ನಾರಣಪ್ಪ, ಅಂದ. ಮುನಿನಾರಾಯಣಪ್ಪನವರು ಅದನ್ನು ತಮ್ಮ ಗಂಟಲಿನ ಮೇಲಿನ ಕಾಳಜಿ ಎಂದು ತಿಳಿದು ಧನ್ಯವಾದ ಹೇಳಿದರು.

ಭಾನುವಾರದ ಊಟ ಮುಗಿದು ನೆಂಟರೆಲ್ಲ ಅಂಗಳದಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಪಾಷಾ ಅವರ ಮಗ ವಕಾರ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಮುನಿನಾರಾಯಣಪ್ಪನವರು ಮಚ್ಚಿನ ಪೇಪರು ಬಿಚ್ಚಿ, ಮರದ ಸುತ್ತ ಒಂದು ಸುತ್ತು ಬಂದು, ವೈದ್ಯರ ಗತ್ತಿನಲ್ಲಿ ಇದು ಎಲ್ಲಿಂದ ಬಂದದ್ದು ಎಂದು ಕೇಳಿದರು. ಸೊಸೆ ಪರ್ವೀನಳ ತವರು ಶ್ರೀನಿವಾಸಪುರ, ಮದುವೆಯಾದ ವರ್ಷ ಅವಳೇ ತವರಿನಿಂದ ತಂದು ನೆಟ್ಟ ಕಸಿ ಗಿಡ ಎಂದು ಪಾಷಾ ಹೇಳಿದರು. ಬೈಯುವವರಿಗೆ ಇಷ್ಟು ಸಾಮಗ್ರಿ ಸಾಕು. ಮುನಿನಾರಾಯಣಪ್ಪನವರ ನಾಲಿಗೆಗೆ ತಾಯಿಯ ಮಾತುಗಳು ತಾವಾಗಿಯೇ ನುಗ್ಗಿ ಬಂದವು.

"ಏನೇ, ತವರಿಂದ ಮೆರವಣಿಗೆ ಮಾಡಿಸ್ಕೊಂಡು ಬಂದೆ. ಇವ್ರ ನೀರು ಕುಡ್ದೆ, ಇವ್ರ ಗೊಬ್ಬರ ತಿಂದೆ. ನಿನ್ನ ಜೊತೇಲಿ ಬಂದೋರೆಲ್ಲ ಮಡಿಲು ತುಂಬಿಸ್ಕೊಂಡು ನಿಂತವ್ರೆ. ನೀನು ಮಾತ್ರ ಎಲೆ ಅಲ್ಲಾಡಿಸ್ಕೊಂಡು ಸೊಗಸಾಗಿ ನಿಂತಿದ್ದೀಯಲ್ಲ, ನಾಚ್ಕೆ ಆಗಲ್ವೇನೇ?"

ಮೊದಲ ಸಾಲಿಗೆ ಎದ್ದಿದ್ದ ನಗು ಎರಡನೆಯದಕ್ಕೆ ತಗ್ಗಿತು, ಮೂರನೆಯದಕ್ಕೆ ನಿಂತೇ ಹೋಯಿತು. ಸಭೆ ಮಂತ್ರಮುಗ್ಧವಾಗಿದೆ ಎಂದುಕೊಂಡ ಮುನಿನಾರಾಯಣಪ್ಪನವರು ಇನ್ನೂ ಒಂದು ಮೆಟ್ಟಿಲು ಏರಿದರು. ಇಂಥದ್ದನ್ನು ಇಟ್ಟುಕೊಂಡು ಏನು ಮಾಡೋದು, ಕಿತ್ತು ಬೇರೆ ತಂದರೆ ಆಯ್ತು ಎಂದು ಮಚ್ಚೆತ್ತಿದರು. ಈಗ ಅಕ್ತರ್ ಅಡ್ಡ ಬರಬೇಕು. ಅಕ್ತರ್ ಬರಲಿಲ್ಲ. ಅವನು ನೆಲದ ಮೇಲಿನ ಒಂದು ಇರುವೆಯನ್ನು ದಿಟ್ಟಿಸುತ್ತಿದ್ದ. ಎತ್ತಿದ ಮಚ್ಚು ಎತ್ತಿದ ಹಾಗೇ ಇತ್ತು. ತಾವಾಗಿ ಇಳಿಸಿದರೆ ಶಾಸ್ತ್ರ ಕೆಡುತ್ತದೆ, ಇಳಿಸದಿದ್ದರೆ ಕೈ ನೋಯುತ್ತದೆ.

ಆಗ ಹಿಂದಿನಿಂದ ಒಂದು ದನಿ ಬಂತು. "ನಾನು ಜಾಮೀನು ಅಂಕಲ್. ಕಡೀಬೇಡಿ."

ತಿರುಗಿದರೆ ಚಹಾದ ಟ್ರೇ ಹಿಡಿದುಕೊಂಡು ಒಬ್ಬಳು ಹೆಂಗಸು. ಮುನಿನಾರಾಯಣಪ್ಪನವರಿಗೆ ಖುಷಿಯೋ ಖುಷಿ. ಇಷ್ಟು ವರ್ಷದಲ್ಲಿ ಹೆಂಗಸೊಬ್ಬಳು ಮರಕ್ಕೆ ಜಾಮೀನು ನಿಂತದ್ದು ಇದೇ ಮೊದಲು. ಅವರು ಮಚ್ಚನ್ನು ಭುಜಕ್ಕಿಟ್ಟು, ಒಂದು ಕೈ ಸೊಂಟಕ್ಕಿಟ್ಟು, ನ್ಯಾಯಾಧೀಶರ ಠೀವಿಯಲ್ಲಿ ಶಾಸ್ತ್ರದ ಪ್ರಶ್ನೆ ಕೇಳಿಯೇಬಿಟ್ಟರು.

"ಜಾಮೀನು ಸುಮ್ನೆ ಆಗುತ್ತೇನಮ್ಮ? ನಿಂಗೆ ಮಕ್ಕಳೆಷ್ಟು?"

"ಇಲ್ಲ ಅಂಕಲ್," ಎಂದಳು ಪರ್ವೀನ್. ಟ್ರೇಯನ್ನು ಕಟ್ಟೆಯ ಮೇಲೆ ಚೆಲ್ಲದ ಹಾಗೆ ಇಟ್ಟು ಒಳಗೆ ಹೋದಳು. ವಕಾರ್ ಅವಳ ಹಿಂದೆಯೇ ಹೋದ.

ಮುನಿನಾರಾಯಣಪ್ಪನವರಿಗೆ ಅಷ್ಟು ಹೊತ್ತು ಆಡಿದ್ದೆಲ್ಲ ಕಿವಿಯಲ್ಲಿ ಹಿಂದುಮುಂದಾಗಿ ಕೇಳತೊಡಗಿತು. ತವರಿಂದ ಬಂದೆ. ಮಡಿಲು ತುಂಬಿಸ್ಕೊಂಡು ನಿಂತವ್ರೆ. ಬೇರೆ ತಂದರೆ ಆಯ್ತು. ಅಲ್ಲಿದ್ದವರಲ್ಲಿ ಒಬ್ಬರಾದರೂ ಬೈದಿದ್ದರೆ ಅವರು ಉಳಿದುಕೊಳ್ಳುತ್ತಿದ್ದರು. ಯಾರೂ ಬೈಯಲಿಲ್ಲ. ಶರ್ಫುನ್ನೀಸಾ ಬಂದು, ಚಹಾ ಆರಿಹೋಗುತ್ತೆ ತಗೊಳ್ಳಿ ಎಂದು ಲೋಟ ಕೊಟ್ಟರು. ಪಾಷಾ ಅವರು ಈ ವರ್ಷದ ಚಳಿಯ ಬಗ್ಗೆ ಮಾತೆತ್ತಿದರು. ಹತ್ತಿರದ ಪೇಟೆಯಲ್ಲಿ ಸಮೋಸ ಚೆನ್ನಾಗಿರುತ್ತದೆ ಎಂದು ಯಾರೋ ನೆಂಟರು ಹೇಳಿದರು. ಮುನಿನಾರಾಯಣಪ್ಪನವರು ಒಂದು ಕೈಯಲ್ಲಿ ಮಚ್ಚು, ಒಂದು ಕೈಯಲ್ಲಿ ಚಹಾ ಹಿಡಿದು ಆ ಮನೆಯವರ ಮರ್ಯಾದೆಯನ್ನು ಗುಟುಕು ಗುಟುಕಾಗಿ ಕುಡಿದರು.

ವಾಪಸು ಬರುವಾಗ ಹಲಸೂರಿನ ಹತ್ತಿರ, ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ, ಎಂದು ಮುನಿನಾರಾಯಣಪ್ಪನವರು ರೇಗಿದರು.

"ಮೆತ್ತಗೆ ಬೈಯಿ ಅಂದ್ನಲ್ಲ ಗುರು," ಎಂದ ಅಕ್ತರ್. "ಆಮೇಲೆ ಕಣ್ಸನ್ನೆ ಮಾಡ್ದೆ, ಕೆಮ್ಮಿದೆ. ನೀನು ನನ್ನ ನೋಡಿದ್ರೆ ತಾನೆ? ಮರಾನೂ ನೋಡ್ತಿರ್ಲಿಲ್ಲ ನೀನು. ಯಾರು ನಗ್ತವ್ರೆ ಅಂತ ನೋಡ್ತಿದ್ದೆ."

ಮುನಿನಾರಾಯಣಪ್ಪನವರು ಮಚ್ಚಿಗೆ ಸುತ್ತಿದ ಪೇಪರನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು.

ಮನೆಗೆ ಬಂದವರು ಊಟ ಬೇಡವೆಂದರು. ಅವರು ಊಟ ಬೇಡವೆನ್ನುವುದು ದೊಮ್ಮಲೂರಿನ ಮೇಲುಸೇತುವೆ ಎದ್ದು ನಡೆದುಹೋದಷ್ಟೇ ಅಪರೂಪವಾದ್ದರಿಂದ ಹೆಂಡತಿ ಹಂಸಮ್ಮ ಪಕ್ಕದಲ್ಲಿ ಕೂತು ವಿಷಯ ಏನೆಂದು ಕೇಳಿದರು. ಇವರು ಒಂದೊಂದಾಗಿ ಹೇಳಿದರು. ಬೈದ ಮಾತುಗಳ ಹತ್ತಿರ ಬಂದಾಗ, ತವರಿಂದ ಮೆರವಣಿಗೆ ಮಾಡಿಸ್ಕೊಂಡು ಬಂದೆ, ಎಂದು ಶುರು ಮಾಡಿ ನಾಚಿಕೆಯಾಗಿ ನಿಲ್ಲಿಸಿದರು. ಹಂಸಮ್ಮ ಬಟಾಣಿ ಬಿಡಿಸುತ್ತಲೇ ಉಳಿದದ್ದನ್ನು ತಾವೇ ಹೇಳಿ ಮುಗಿಸಿದರು. ನೀರು, ಗೊಬ್ಬರ, ಮಡಿಲು, ಎಲೆ, ಒಂದಕ್ಷರ ಬಿಡದೆ, ಅದೇ ರಾಗದಲ್ಲಿ.

ನಿನಗೆ ಹೇಗೆ ಗೊತ್ತು ಎಂದರು ಮುನಿನಾರಾಯಣಪ್ಪನವರು, ಬೆರಗಾಗಿ.

ಹಂಸಮ್ಮ ಬಟಾಣಿಯಿಂದ ತಲೆ ಎತ್ತಿದರು. "ದಿನಾ ಬೆಳಿಗ್ಗೆ ಕೇಳ್ತಿದ್ದೆನಲ್ಲ. ನಿಮ್ಮಮ್ಮ ಮರಕ್ಕೆ ಬೈತಿದ್ರು ಅಂತ ಅನ್ಕೊಂಡಿದ್ರಾ ಇಷ್ಟು ದಿನ?"

ಮುನಿನಾರಾಯಣಪ್ಪನವರ ಬಾಯಿ ತೆರೆಯಿತು. ಮೂರು ದಶಕಗಳಿಂದ ಇಂದಿರಾನಗರ, ವಿಮಾನಪುರ, ತಿಪ್ಪಸಂದ್ರಗಳನ್ನು ಗೆದ್ದುಬಂದ ಆ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಅವರಿಗೆ ನೆನಪಾದದ್ದು ತಾಯಿಯ ಮುಖ ಅಲ್ಲ, ತಮ್ಮದೇ. ಬಾಯಿ ತುಂಬ ಪೇಸ್ಟಿನ ನೊರೆ ಮಾಡಿಕೊಂಡು, ಅಮ್ಮ ಒಂದು ಹೊಸ ಬೈಗುಳ ಕಟ್ಟಿದಾಗಲೆಲ್ಲ ನಗುತ್ತಿದ್ದ ಮುಖ. ಅಡುಗೆಮನೆಯ ಕಿಟಕಿ ಸಪೋಟಕ್ಕೆ ನೇರವಾಗಿ ತೆರೆದುಕೊಳ್ಳುತ್ತಿತ್ತು. ಕಿಟಕಿಯ ಒಳಗೆ ಹಂಸಮ್ಮ ರಾಗಿ ಮುದ್ದೆ ತಿರುವುತ್ತಿದ್ದರು.

ಅವತ್ತು ಯಾಕೆ ಹೇಳಲಿಲ್ಲ ಎಂದು ಅವರು ಬಹಳ ಸಣ್ಣ ದನಿಯಲ್ಲಿ ಕೇಳಿದರು. ನೀವು ನಗ್ತಿದ್ರಲ್ಲ, ಎಂದಷ್ಟೇ ಹೇಳಿ ಹಂಸಮ್ಮ ಬಟಾಣಿ ಸಿಪ್ಪೆ ಹೊರಗೆ ಹಾಕಲು ಎದ್ದರು.

ಅಲ್ಲಿಂದ ಮುಂದೆ ಮುನಿನಾರಾಯಣಪ್ಪನವರ ಪ್ರಾಯಶ್ಚಿತ್ತ ಪರ್ವ. ಪುರಾಣದ ಮಹಾವೀರರ ಪ್ರಾಯಶ್ಚಿತ್ತಕ್ಕೆ ಕಾಡು, ಗುಹೆ ಇರುತ್ತವೆ. ಇವರಿಗೆ ಇದ್ದದ್ದು ಬಾಡಿಗೆ ಕಟ್ಟಡದ ತಾರಸಿ. ಅಲ್ಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಅವರು ದಿನಗಟ್ಟಲೆ ಉಪಾಯ ಮಾಡಿದರು. ಒಂದು ಬುಟ್ಟಿ ಹಣ್ಣು ಕಳಿಸಿದರೆ ಹೇಗೆ ಎಂದು ಕೇಳಿದ್ದಕ್ಕೆ ಹಂಸಮ್ಮ, ಕಾಯಿ ಬಿಟ್ಟಿಲ್ಲ ಅಂತ ಬೈದ ಮನೆಗೆ ಹಣ್ಣಿನ ಬುಟ್ಟಿ ಕಳಿಸ್ತೀರಾ, ಬುದ್ಧಿ ಎಲ್ಲಿಟ್ಟಿದ್ದೀರಿ, ಎಂದರು. ಫೋನು ಮಾಡಿದರು. ಆ ಕಡೆ ಪಾಷಾ ಎತ್ತಿದೊಡನೆ ಧೈರ್ಯ ಉಡುಗಿ, ಸೂಟ್‌ಕೇಸಿನ ಚಕ್ರ ರಿಪೇರಿ ಮಾಡುತ್ತೀರಾ ಎಂದು ಕೇಳಿ ಇಟ್ಟುಬಿಟ್ಟರು. ಕ್ಷಮೆ ಕೇಳಬೇಕಾದರೆ ಆಡಿದ ಮಾತನ್ನು ಇನ್ನೊಂದು ಸಲ ಆಡಬೇಕಾಗುತ್ತದೆ. ಆಡದೆ ಕೇಳುವುದು ಹೇಗೆಂದು ತಿಳಿಯಲಿಲ್ಲ. ಬೈಯಲು ಕರೆದವರಿಗೆಲ್ಲ ಗಂಟಲು ಕಟ್ಟಿದೆ ಎಂದರು. ಅದು ಸುಳ್ಳಲ್ಲ ಎಂದು ಅವರಿಗೇ ಅನ್ನಿಸುತ್ತಿತ್ತು. ಸಪೋಟದ ಮುಂದೆ ಹಾದುಹೋಗುವಾಗ ಗೇಟಿನ ಆ ಪಕ್ಕಕ್ಕೆ ಸರಿದು ಹೋಗತೊಡಗಿದರು.

ಇಷ್ಟರಲ್ಲಿ ಅಕ್ತರ್ ಇನ್ನೊಂದು ಸುದ್ದಿ ತಂದ. ಆ ದಿನದ ಬೈಗುಳವನ್ನು ನೆಂಟರಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದು ಫ್ರೇಜರ್ ಟೌನಿನಿಂದ ಹೊರಟು ಶ್ರೀನಿವಾಸಪುರದ ತವರಿನವರೆಗೂ ಹೋಗಿ ಬಂದಿತ್ತು. ಪಾಪ, ಯಾರೂ ಕೆಟ್ಟದಾಗಿ ಏನೂ ಅನ್ನುತ್ತಿರಲಿಲ್ಲ. ಎಲ್ಲರೂ ಮರದ ಆರೋಗ್ಯ ವಿಚಾರಿಸುತ್ತಿದ್ದರು. ಮದುವೆಯಲ್ಲಿ ಸಿಕ್ಕವರು, ಆಸ್ಪತ್ರೆಯಲ್ಲಿ ಸಿಕ್ಕವರು, ತರಕಾರಿ ಗಾಡಿಯ ಹತ್ತಿರ ಸಿಕ್ಕವರು, ಎಲ್ಲರಿಗೂ ಪರ್ವೀನಳ ಮಾವಿನ ಮರದ್ದೇ ಚಿಂತೆ.

ಮುನಿನಾರಾಯಣಪ್ಪನವರು ಎದ್ದು ಅಂಗಿ ಹಾಕಿಕೊಂಡರು. ಹಂಸಮ್ಮ ಏನೂ ಕೇಳದೆ ಬಾಗಿಲು ತೆರೆದುಕೊಟ್ಟರು.

ವಾರದ ನಡುವಿನ ಮಧ್ಯಾಹ್ನ, ಪಾಷಾ ಅವರ ಮನೆಯಲ್ಲಿ ಹೆಚ್ಚು ಜನ ಇರುವುದಿಲ್ಲ ಎಂಬ ಲೆಕ್ಕ ತಪ್ಪಿತು. ಪಾಷಾ ಅವರು ಮನೆಯಲ್ಲೇ ಇದ್ದರು. ಶರ್ಫುನ್ನೀಸಾ ಅಕ್ಕಪಕ್ಕದ ಇಬ್ಬರು ಹೆಂಗಸರ ಜೊತೆ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಪರ್ವೀನ್ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಅಕ್ತರನ ಹಿಂದೆ ಮುನಿನಾರಾಯಣಪ್ಪನವರು ಬಂದದ್ದು ಕಂಡು ನೆರೆಯ ಹೆಂಗಸರಲ್ಲಿ ಒಬ್ಬಳು, ಇನ್ನೊಂದು ಸಲ ಬೈಯೋಕೆ ಬಂದ್ರೇನೋ, ಎಂದು ಮೊಬೈಲ್ ಹುಡುಕಿದಳು. ಪಾಷಾ ಅವರು ಕುರ್ಚಿ ತರಿಸಿದರು. ಇವರು ಕೂರಲಿಲ್ಲ. ಕೈಯಲ್ಲಿ ಮಚ್ಚಿಲ್ಲದೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡು, ಅಭ್ಯಾಸಬಲದಿಂದ ನೇರವಾಗಿ ಮರದ ಮುಂದೆ ಹೋಗಿ ನಿಂತರು.

ಗಂಟಲು ಸರಿ ಮಾಡಿಕೊಂಡರು. ಒಂದೆಲೆಯೂ ಅಲ್ಲಾಡಲಿಲ್ಲ.

ಅವತ್ತು ನಾನು ತಿಳಿಯದೆ ಏನೇನೋ ಆಡಿಬಿಟ್ಟೆ ತಾಯಿ, ಎಂದು ಅವರು ಮರಕ್ಕೆ ಹೇಳತೊಡಗಿದರು. ತನ್ನ ಬಾಯಿ ಸರಿಯಿಲ್ಲ, ತನ್ನ ವಯಸ್ಸಿಗೆ ತಕ್ಕ ಬುದ್ಧಿ ಬರಲಿಲ್ಲ, ಹೊಟ್ಟೆಗೆ ಹಾಕ್ಕೋಬೇಕು ಎಂದರು. ಮೆಣಸಿನಕಾಯಿಯವರಿಗೆ ಇದು ಹೊಸ ಆಟವೋ ಏನೋ ಗೊತ್ತಾಗಲಿಲ್ಲ. ಪರ್ವೀನ್ ಬಟ್ಟೆಯ ರಾಶಿಯನ್ನು ಕಟ್ಟೆಯ ಮೇಲಿಟ್ಟು ಹತ್ತಿರ ಬಂದಳು.

"ಮರದ ಹತ್ರ ಯಾಕೆ ಹೇಳ್ತಿದ್ದೀರಾ ಅಂಕಲ್? ನಾನು ಇಲ್ಲಿದ್ದೀನಿ."

ಮುನಿನಾರಾಯಣಪ್ಪನವರು ತಿರುಗಿದರು. ಇಷ್ಟು ವರ್ಷ ಬೈದಿದ್ದರಲ್ಲಿ ಒಂದು ಮರವೂ ಅವರನ್ನು ಹೀಗೆ ತಿರುಗಿ ನೋಡಿರಲಿಲ್ಲ. "ತಪ್ಪಾಯ್ತಮ್ಮ," ಎಂದರು.

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಿಬಿಡುತ್ತಾಳೆ ಎಂದು ಅಂಗಳದವರೆಲ್ಲ ಕಾದರು. ಅವಳು ಒಂದು ಎಲೆಯ ಧೂಳನ್ನು ಬೆರಳಿನಿಂದ ಒರೆಸಿದಳು.

"ಅವತ್ತಿಂದ ಮನೆಗೆ ಬಂದೋರು ಮೊದ್ಲು ಇದನ್ನ ನೋಡ್ತಾರೆ, ಆಮೇಲೆ ನನ್ನ ನೋಡ್ತಾರೆ. ಹೂ ಬಂತಾ ಅಂತ ಕೇಳ್ತಾರೆ. ನೀವು ಬೈದ ಮರ ಬಿಡದೇ ಇರೋದೇ ಇಲ್ಲವಂತೆ. ಈ ಸಲಾನೂ ಬರ್ದಿದ್ರೆ ಇದ್ರಲ್ಲೇ ಏನೋ ದೋಷ ಇದೆ ಅಂತಾರೆ." ಅವಳು ಅವರ ಮುಖವನ್ನೇ ನೋಡಿದಳು. "ನಿಜಾನಾ ಅಂಕಲ್? ನೀವು ಬೈದಿದ್ದೆಲ್ಲ ಬಿಡ್ತಾ?"

ಮೆಣಸಿನಕಾಯಿಯ ಕೈಗಳು ನಿಂತವು. ಪಾಷಾ ಅವರು ಕನ್ನಡಕ ತೆಗೆದರು. ಇಂದಿರಾನಗರದ ನಿಂಬೆ, ವಿಮಾನಪುರದ ಹಲಸು, ಹಲಸೂರಿನ ಸಿಗ್ನಲ್ಲಿನವನ ತೆಂಗು, ಎಲ್ಲವೂ ಮುನಿನಾರಾಯಣಪ್ಪನವರ ಬೆನ್ನ ಹಿಂದೆ ಸಾಲಾಗಿ ನಿಂತು ಉತ್ತರಕ್ಕೆ ಕಾಯುತ್ತಿರುವ ಹಾಗಿತ್ತು. ಅವರು ಅಕ್ತರನ ಕಡೆ ನೋಡಿದರು. ಪುರಾಣವನ್ನೆಲ್ಲ ಕಟ್ಟಿದ ಅಕ್ತರ್ ತನ್ನ ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದ.

"ಇಲ್ಲಮ್ಮ," ಎಂದರು ಮುನಿನಾರಾಯಣಪ್ಪನವರು, ಎಲ್ಲರಿಗೂ ಕೇಳುವ ಹಾಗೆ. "ಬಿಡದೇ ಇರೋವೇ ಜಾಸ್ತಿ. ಆ ಬೀದಿಗಳಿಗೆ ನಾನು ಮತ್ತೆ ಹೋಗ್ತಿರ್ಲಿಲ್ಲ, ಅಷ್ಟೆ."